ಬ್ಯಾಡಗಿಯ ಗಿರಣಿಗೊಂದು ಚೌಕ-ಗೋಲ: 11 ಮಿಲಿಮೀಟರ್ ಎಲ್ಲಿ ಹೋಯಿತು?

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಸಣ್ಣ ಶೆಡ್ಡಿಗೆ ಬರುವ ಕೆಲಸಗಳಲ್ಲಿ ಹೆಚ್ಚಿನವು ತಗಡಿನವು: ಹಾಪರ್, ಡಕ್ಟ್, ಯಂತ್ರದ ಕವಚ, ಧೂಳು ಎಳೆಯುವ ಕೊಳವೆ. ಇವುಗಳ ನಡುವೆ ಆಗಾಗ ಬರುವ ಒಂದು ತುಂಡಿದೆ. ಅದರ ಒಂದು ತುದಿ ಆಯತಾಕಾರ, ಇನ್ನೊಂದು ತುದಿ ದುಂಡಗೆ. ನಕ್ಷೆಯಲ್ಲಿ ಅದಕ್ಕೆ ಟ್ರಾನ್ಸಿಷನ್ ಎಂದು ಬರೆಯುತ್ತೇವೆ, ಶೆಡ್ಡಿನಲ್ಲಿ ಚೌಕ-ಗೋಲ ಎನ್ನುತ್ತೇವೆ. ಕಳೆದ ಸುಗ್ಗಿಯಲ್ಲಿ ಇಂಥದೊಂದು ತುಂಡನ್ನು ನಾವು ಎರಡು ಸಲ ಮಾಡಬೇಕಾಯಿತು. ಮೊದಲನೆಯದು ಏಕೆ ಕೂಡಲಿಲ್ಲ, ತಪ್ಪನ್ನು ಎಲ್ಲಿ ಹುಡುಕಿದೆವು, ಅದು ನಿಜವಾಗಿ ಎಲ್ಲಿತ್ತು ಎಂಬುದನ್ನು ಅಳತೆಗಳ ಸಮೇತ ಇಲ್ಲಿ ದಾಖಲಿಸುತ್ತಿದ್ದೇನೆ.

ಕೆಲಸ ಬಂದದ್ದು ಹಾವೇರಿ ಜಿಲ್ಲೆಯ ಬ್ಯಾಡಗಿಯ ಹತ್ತಿರದ ಒಂದು ಮೆಣಸಿನಪುಡಿ ಗಿರಣಿಯಿಂದ. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು, 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಆದರೆ ಖಾರ ಕಡಿಮೆ ಎಂಬ ಮಾತು ಅಡುಗೆಗೆ ಸಂಬಂಧಿಸಿದ್ದು. ಅರೆಯುವ ಯಂತ್ರದಿಂದ ಏಳುವ ನುಣುಪು ಧೂಳು ಕೊಳವೆಯ ಸಂದಿನಿಂದ ಸೋರತೊಡಗಿದರೆ ಶೆಡ್ಡಿನಲ್ಲಿ ಯಾರೂ ನಿಲ್ಲಲಾರರು. ಅಲ್ಲಿ ಫ್ಯಾನಿನ ಆಯತಾಕಾರದ ಬಾಯಿಯಿಂದ ಸೈಕ್ಲೋನಿಗೆ (ಗಾಳಿಯಿಂದ ಧೂಳು ಬೇರ್ಪಡಿಸುವ ಸಾಧನಕ್ಕೆ) ಹೋಗುವ ದುಂಡು ಕೊಳವೆಯ ನಡುವೆ ಇದ್ದ ಹಳೆಯ ಕಬ್ಬಿಣದ ಚೌಕ-ಗೋಲ ತುಕ್ಕು ಹಿಡಿದು ಹೊಲಿಗೆಯ ಉದ್ದಕ್ಕೂ ಬಾಯಿಬಿಟ್ಟಿತ್ತು. ಅದರ ಜಾಗಕ್ಕೆ 2 ಮಿ.ಮೀ. ದಪ್ಪದ 304 ದರ್ಜೆಯ ಸ್ಟೇನ್‌ಲೆಸ್ ತುಂಡು ಬೇಕಿತ್ತು, ಅದೂ ಮಾರುಕಟ್ಟೆಗೆ ಆವಕ ತುಂಬಿ ಬರುವ ತಿಂಗಳುಗಳಲ್ಲಿ, ಗಿರಣಿ ಒಂದು ದಿನಕ್ಕಿಂತ ಹೆಚ್ಚು ನಿಲ್ಲದಂತೆ.

ಹೆದ್ದಾರಿಯಲ್ಲಿ ಹಾವೇರಿ ದಾಟಿ, ಮೋಟೆಬೆನ್ನೂರಿನಲ್ಲಿ ತಿರುಗಿ ಹೋಗಿ ಅಳತೆ ತೆಗೆದುಕೊಂಡೆವು. ಫ್ಯಾನಿನ ಬಾಯಿಗೆ ಹೊಂದಬೇಕಾದ ಆಯತದ ಒಳ ಅಳತೆ 420 ಮತ್ತು 320 ಮಿ.ಮೀ. ದುಂಡು ತುದಿ ಹಳೆಯ ಕೊಳವೆಯ ಕಾಲರಿನ ಮೇಲೆ ಟೊಪ್ಪಿಗೆಯಂತೆ ಕೂಡಬೇಕು. ಕಾಲರಿನ ಹೊರ ವ್ಯಾಸ 299 ಇದ್ದುದರಿಂದ ನಮ್ಮ ತುಂಡಿನ ಒಳ ವ್ಯಾಸವನ್ನು 300 ಎಂದು ಇಟ್ಟುಕೊಂಡೆವು. ಎತ್ತರ 350. ತೂಕದ ಗುಂಡು ಇಳಿಬಿಟ್ಟು ನೋಡಿದಾಗ ಕೊಳವೆಯ ಕೇಂದ್ರ ಫ್ಯಾನಿನ ಬಾಯಿಯ ಕೇಂದ್ರದಿಂದ ಉದ್ದನೆಯ ಬದಿಯ ದಿಕ್ಕಿನಲ್ಲಿ 45 ಮಿ.ಮೀ. ಸರಿದಿತ್ತು. ಹಳೆಯ ತುಂಡನ್ನು ಬರಿಗಣ್ಣಿನಿಂದ ನೋಡಿದ ನಮಗೆ ಅದು ನೇರವಾಗಿದೆ ಎಂದೇ ಅನ್ನಿಸಿತ್ತು. ಗುಂಡು ಇಳಿಬಿಡದೆ ಮರಳಿದ್ದರೆ ಈ ಪ್ರಕರಣ ಬೇರೆಯೇ ತಪ್ಪಿನ ಕಥೆಯಾಗುತ್ತಿತ್ತು.

ತಂತ್ರಾಂಶ ಒಪ್ಪದ ಆಕಾರ

ನಮ್ಮಲ್ಲಿ ವಿನ್ಯಾಸ ಮಾಡುವ ಹುಡುಗ ಚುರುಕಿನವನು. ಸಾಲಿಡ್‌ವರ್ಕ್ಸ್ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಕೆಳಗೆ ಆಯತ, ಮೇಲೆ ವೃತ್ತ ಬರೆದು, ಎರಡರ ನಡುವೆ ಸಾಮಾನ್ಯ ಲಾಫ್ಟ್ (ಎರಡನ್ನೂ ಜೋಡಿಸುವ ಮೇಲ್ಮೈ) ಎಳೆದು, ಅದಕ್ಕೆ ದಪ್ಪ ಕೊಟ್ಟು ಅರ್ಧ ಗಂಟೆಯಲ್ಲಿ ಚಂದದ ಆಕಾರವೊಂದನ್ನು ತೋರಿಸಿದ. ಅದನ್ನು ತಗಡಿನ ಭಾಗವಾಗಿ ಬದಲಿಸಿ ಚಪ್ಪಟೆಯಾಗಿ ಬಿಡಿಸು ಎಂದಾಗ ಮಾತ್ರ ತಂತ್ರಾಂಶ ಒಪ್ಪಲಿಲ್ಲ. ಅವನು ಅದನ್ನು ತಂತ್ರಾಂಶದ ಕೊರತೆ ಎಂದುಕೊಂಡ, ಆದರೆ ಕಾರಣ ರೇಖಾಗಣಿತದಲ್ಲಿತ್ತು.

ಸಂತೆಯಲ್ಲಿ ಶೇಂಗಾ ಕಟ್ಟಿಕೊಡುವ ಕಾಗದದ ಪೊಟ್ಟಣವನ್ನು ಬಿಚ್ಚಿದರೆ ಕಾಗದ ಮತ್ತೆ ಮೊದಲಿನಂತೆ ಚಪ್ಪಟೆಯಾಗುತ್ತದೆ, ಅದೇ ಕಾಗದವನ್ನು ಗಡಿಗೆಯ ಹೊಟ್ಟೆಗೆ ಸುತ್ತಲು ಹೋದರೆ ಸುಕ್ಕು ಬೀಳದೆ ಕೂಡುವುದಿಲ್ಲ. ಶಂಕು ಮತ್ತು ಉರುಳೆಗಳು ಒಂದೇ ದಿಕ್ಕಿಗೆ ಬಾಗಿದ ಮೇಲ್ಮೈಗಳು, ಗಡಿಗೆ ಎರಡು ದಿಕ್ಕಿಗೆ ಬಾಗಿದ್ದು. ಹಿಗ್ಗಿಸದೆ ಕುಗ್ಗಿಸದೆ ಬಾಗಿಸಿದಷ್ಟು ಹೊತ್ತೂ ಮೇಲ್ಮೈಯ ಒಂದು ಬಗೆಯ ವಕ್ರತೆ ಬದಲಾಗದು ಎಂಬುದನ್ನು ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲಿಯೇ ತೋರಿಸಿದ್ದಾನೆ. ಚಪ್ಪಟೆ ತಗಡಿನಲ್ಲಿ ಆ ವಕ್ರತೆ ಸೊನ್ನೆ, ಆದ್ದರಿಂದ ತಗಡನ್ನು ಬರೀ ಮಡಿಸಿ ಬಾಗಿಸಿ ಮಾಡುವ ಯಾವ ಆಕಾರದಲ್ಲಿಯೂ ಅದು ಸೊನ್ನೆಯಾಗಿಯೇ ಇರಬೇಕು. ಸಾಮಾನ್ಯ ಲಾಫ್ಟ್ ಎರಡು ರೇಖೆಗಳ ನಡುವೆ ಕಣ್ಣಿಗೆ ನಯವಾದ ಮೇಲ್ಮೈಯನ್ನು ಹರಡುತ್ತದೆ, ಆ ನಯದಲ್ಲಿ ಗಡಿಗೆಯ ಗುಣ ನುಸುಳಿರುತ್ತದೆ.

ಬಿಡಿಸಲು ಬರುವ ಚೌಕ-ಗೋಲ ಯಾವುದು ಎಂಬುದು ತಗಡು ಕೆಲಸದವರಿಗೆ ಕಂಪ್ಯೂಟರ್ ಬರುವ ಎಷ್ಟೋ ಮೊದಲಿನಿಂದ ಗೊತ್ತಿದೆ. ಅದರಲ್ಲಿ ನಾಲ್ಕು ಚಪ್ಪಟೆ ತ್ರಿಕೋನಗಳು ಮತ್ತು ನಾಲ್ಕು ಓರೆ ಶಂಕುವಿನ ತುಂಡುಗಳು ಇರುತ್ತವೆ. ಪ್ರತಿ ತ್ರಿಕೋನದ ಬುಡ ಆಯತದ ಒಂದು ಬದಿ, ಅದರ ತುದಿ ವೃತ್ತದ ಮೇಲಿನ ಕಾಲುಭಾಗದ ಬಿಂದು. ಪ್ರತಿ ಶಂಕುವಿನ ತುಂಡಿನ ಶಿಖರ ಆಯತದ ಒಂದು ಮೂಲೆ, ಅದರ ಅಂಚು ವೃತ್ತದ ಕಾಲು ಕಂಸ. ವೃತ್ತವನ್ನು 45 ಮಿ.ಮೀ. ಸರಿಸಿದರೂ ಈ ಕಾಲುಭಾಗದ ಬಿಂದುಗಳು ವೃತ್ತದ ಮೇಲೆ ತಮ್ಮ ಜಾಗ ಬಿಡುವುದಿಲ್ಲ, ಏಕೆಂದರೆ ಆ ಬಿಂದುಗಳಲ್ಲಿ ವೃತ್ತದ ಸ್ಪರ್ಶರೇಖೆ ಆಯತದ ಬದಿಗೆ ಸಮಾನಾಂತರವಾಗಿಯೇ ಉಳಿಯುತ್ತದೆ. ಹೀಗಾಗಿ ತ್ರಿಕೋನ ಮತ್ತು ಶಂಕು ಏಣು ಬೀಳದೆ ಒಂದರೊಳಗೊಂದು ಸೇರಿಕೊಳ್ಳುತ್ತವೆ.

ತಂತ್ರಾಂಶದಲ್ಲಿ ಇದಕ್ಕೆ ಬೇರೆಯೇ ಆಜ್ಞೆ ಇದೆ. ಸಾಲಿಡ್‌ವರ್ಕ್ಸ್‌ನಲ್ಲಿ ಅದು ಲಾಫ್ಟೆಡ್ ಬೆಂಡ್, ಇನ್ವೆಂಟರ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಲಾಫ್ಟೆಡ್ ಫ್ಲ್ಯಾಂಜ್. ಹುಡುಗ ಮೊದಲು ಲಾಫ್ಟೆಡ್ ಬೆಂಡ್‌ನ ಫಾರ್ಮ್ಡ್ ಎಂಬ ಬಗೆಯನ್ನು ಆರಿಸಿದ. ಆ ಬಗೆಗೆ ತೆರೆದ ರೇಖಾಕೃತಿ ಬೇಕು, ಚೂಪು ಮೂಲೆ ಇರಬಾರದು. ಮೂಲೆಗಳನ್ನು ತುಸು ದುಂಡು ಮಾಡಿ, ತುಂಡನ್ನು ನಡುವೆ ಸೀಳಿ ಅರ್ಧಭಾಗ ಕೊಟ್ಟಾಗ ಬಿಡಿಸಿದ ನಕ್ಷೆ ಬಂದಿತು. ಆದರೆ ಅದರ ಮೇಲೆ ಪ್ರೆಸ್ ಬ್ರೇಕಿನವನು (ತಗಡನ್ನು ಒತ್ತಿ ಮಡಿಸುವ ಯಂತ್ರದವನು) ಎಲ್ಲಿ ಒತ್ತಬೇಕು ಎಂಬುದಕ್ಕೆ ಒಂದು ಗೆರೆಯೂ ಇರಲಿಲ್ಲ. ಆ ನಕ್ಷೆ ಅಚ್ಚಿನಲ್ಲಿಯೋ ರೋಲರಿನಲ್ಲಿಯೋ ನಯವಾಗಿ ಬಾಗಿಸುವವರಿಗೆ ಸರಿ. ನಮ್ಮಲ್ಲಿ ಇರುವುದು ಪ್ರೆಸ್ ಬ್ರೇಕ್ ಮಾತ್ರ, ಅದಕ್ಕೆ ಶಂಕು ತಿಳಿಯದು, ನೇರ ಮಡಿಕೆ ಮಾತ್ರ ತಿಳಿಯುತ್ತದೆ. ಆದ್ದರಿಂದ ಬೆಂಟ್ ಎಂಬ ಎರಡನೆಯ ಬಗೆಗೆ ಬಂದೆವು. ಅದು ಪ್ರತಿ ಶಂಕುವಿನ ತುಂಡನ್ನು ಕೆಲವು ಚಪ್ಪಟೆ ಪಟ್ಟಿಗಳಾಗಿ ಒಡೆದು, ಪಟ್ಟಿಗಳ ನಡುವೆ ಮಡಿಕೆಗೆರೆ ಹಾಕುತ್ತದೆ. ಎಷ್ಟು ಪಟ್ಟಿ ಎಂಬುದನ್ನು ನಾವೇ ಹೇಳಬೇಕು. ಮಡಿಕೆ ಕಡಿಮೆಯಾದಷ್ಟೂ ಕೆಲಸ ಬೇಗ ಎಂದು ಒಂದು ಮೂಲೆಗೆ ಮೂರು ಪಟ್ಟಿ ಸಾಕೆಂದು ನಾನೇ ಹೇಳಿದೆ. ಪ್ರಕರಣದ ಬೀಜ ಅಲ್ಲಿತ್ತು.

ಎರಡೂ ಎಡಗಾಲಿನ ಚಪ್ಪಲಿ

ತುಂಡನ್ನು ಎರಡು ಅರ್ಧಭಾಗಗಳಾಗಿ ಮಾಡಿ ಬೆಸುಗೆ ಹಾಕುವುದೆಂದು ನಿರ್ಧಾರವಾಗಿತ್ತು, ಏಕೆಂದರೆ ಇಡೀ ತುಂಡನ್ನು ಒಂದೇ ತಗಡಿನಿಂದ ಮಡಿಸಿದರೆ ಕೊನೆಯ ಮಡಿಕೆಗಳ ಹೊತ್ತಿಗೆ ಅದು ಯಂತ್ರದ ಪಂಚಿಗೇ (ಮೇಲಿನಿಂದ ಒತ್ತುವ ಅಲಗಿಗೇ) ಸುತ್ತಿಕೊಳ್ಳುತ್ತದೆ. ವೃತ್ತ ಉದ್ದನೆಯ ದಿಕ್ಕಿನಲ್ಲಿ ಮಾತ್ರ ಸರಿದಿದ್ದರಿಂದ, ಗಿಡ್ಡ ಬದಿಗಳ ನಡುವಿನಿಂದ ಸೀಳಿದರೆ ಎರಡೂ ಅರ್ಧಗಳಿಗೆ ಒಂದೇ ಬಿಡಿಸಿದ ನಕ್ಷೆ ಸಾಕು. ತಾರಿಹಾಳದ ಒಂದು ಲೇಸರ್ ಘಟಕದಲ್ಲಿ ಅದೇ ಕಡತದಿಂದ ಎರಡು ತುಂಡು ಕತ್ತರಿಸಿ, ಮಡಿಕೆಗೆರೆಗಳನ್ನು ಕಡಿಮೆ ಶಕ್ತಿಯಲ್ಲಿ ಗೀರಿಸಿ ತಂದೆವು. ಈ ಗೆರೆಗಳನ್ನು ಕಡತದಲ್ಲಿ ಬೇರೆ ಪದರಿನಲ್ಲಿ, ಬೇರೆ ಬಣ್ಣದಲ್ಲಿ ಇಡದಿದ್ದರೆ ಲೇಸರ್ ಅವುಗಳನ್ನೂ ಕತ್ತರಿಸಿಬಿಡುತ್ತದೆ. ಹಾಗೆ ಪಟ್ಟಿ ಪಟ್ಟಿಯಾಗಿ ಉದುರಿದ ತಗಡನ್ನು ನಾನು ಬೇರೊಂದು ಸಲ ಕಂಡಿದ್ದೇನೆ.

ಮಡಿಸುವ ಮಿಸ್ತ್ರಿ ಎರಡೂ ತುಂಡುಗಳನ್ನು ಗೀರು ಮೇಲೆ ಬರುವಂತೆ ಇಟ್ಟು, ಎರಡನ್ನೂ ಒಂದೇ ದಿಕ್ಕಿಗೆ ಮಡಿಸಿದ. ಜೋಡಿಸಲು ಹಿಡಿದಾಗ ಒಂದರ ಉದ್ದನೆಯ ಇಳಿಜಾರು ಇನ್ನೊಂದರ ಗಿಡ್ಡ ಇಳಿಜಾರಿಗೆ ಎದುರಾಗಿ ನಿಂತಿತು. “ಸಾಹೇಬ್ರ, ಎರಡೂ ಎಡಗಾಲಿನ ಚಪ್ಪಲಿ ಆಗ್ಯಾವ್ರಿ” ಎಂದ. ಅವನ ತಪ್ಪು ಏನೂ ಇರಲಿಲ್ಲ. ಎರಡು ಅರ್ಧಗಳು ಒಂದಕ್ಕೊಂದು ಕನ್ನಡಿಯ ಬಿಂಬಗಳು, ಒಂದನ್ನು ಗೀರು ಒಳಗೆ ಬರುವಂತೆ, ಇನ್ನೊಂದನ್ನು ಗೀರು ಹೊರಗೆ ಬರುವಂತೆ ಮಡಿಸಬೇಕೆಂದು ಹಾಳೆಯ ಮೇಲೆ ನಾವು ಬರೆದಿರಲಿಲ್ಲ. ಸ್ಟೇನ್‌ಲೆಸ್ ಮಡಿಸಿದಲ್ಲಿ ಗಡುಸಾಗುವುದರಿಂದ ಬಿಚ್ಚಿ ತಿರುಗಿ ಮಡಿಸುವ ಸಾಹಸ ಬೇಡವೆಂದು ಮೂರನೆಯ ತುಂಡು ಕತ್ತರಿಸಿದೆವು. ಇಡೀ ಚೌಕ-ಗೋಲದ ತೂಕವೇ ಸುಮಾರು 7 ಕಿಲೋ, ಅರ್ಧ ಹೋದರೆ ತಗಡಿನ ನಷ್ಟ ದೊಡ್ಡದಲ್ಲ, ಹೋದದ್ದು ಒಂದು ದಿನ.

ಕೂಡದ ಕಾಲರು

ಅರ್ಧಗಳನ್ನು ಬೆಸೆದು, ಹನ್ನೆರಡು ಮೂಲೆಯ ದುಂಡು ತುದಿಯನ್ನು ಒಂದು ಗಟ್ಟಿ ಕೊಳವೆಯ ಮೇಲೆ ಇಟ್ಟು ಮರದ ಸುತ್ತಿಗೆಯಿಂದ ಬಡಿದು ದುಂಡು ಮಾಡಿ ಬ್ಯಾಡಗಿಗೆ ಒಯ್ದೆವು. ಆಯತದ ಕಡೆಯ ತೂತುಗಳು ಫ್ಯಾನಿನ ಫ್ಲ್ಯಾಂಜಿಗೆ (ಬೋಲ್ಟು ಹಾಕುವ ಚಾಚು ಅಂಚಿಗೆ) ಸರಿಯಾಗಿ ಕೂಡಿದವು. ದುಂಡು ತುದಿ ಮಾತ್ರ ಕಾಲರಿನ ಮೇಲೆ ಹೋಗಲೇ ಇಲ್ಲ. ಒಳ ವ್ಯಾಸ ಅಳೆದರೆ 296 ಚಿಲ್ಲರೆ. ಮೂರೂವರೆ ಮಿಲಿಮೀಟರ್ ಕಡಿಮೆ.

ಮರಳುವ ದಾರಿಯಲ್ಲಿ ವಾಹನದೊಳಗೆ ನಡೆದ ಚರ್ಚೆಯೆಲ್ಲ ಕೆ-ಫ್ಯಾಕ್ಟರಿನ ಸುತ್ತ. ತಗಡು ಮಡಿದಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ, ನಡುವೆ ಎಲ್ಲೋ ಉದ್ದ ಬದಲಾಗದ ತಟಸ್ಥ ಪದರವಿರುತ್ತದೆ. ಒಳಮೈಯಿಂದ ಆ ಪದರಕ್ಕೆ ಇರುವ ದೂರವನ್ನು ದಪ್ಪದಿಂದ ಭಾಗಿಸಿದರೆ ಬರುವುದೇ ಕೆ-ಫ್ಯಾಕ್ಟರ್, ಸಾಮಾನ್ಯವಾಗಿ 0.33ರಿಂದ 0.5ರ ನಡುವಿನ ಸಂಖ್ಯೆ. ಬಿಡಿಸಿದ ನಕ್ಷೆ ಹೆಚ್ಚುಕಡಿಮೆಯಾದಾಗಲೆಲ್ಲ ನಮ್ಮವರು ಮೊದಲು ಕೈ ಹಾಕುವುದು ಇದಕ್ಕೆ. ನಾವು ಬಳಸಿದ್ದು 0.42. ಅದನ್ನು 0.5 ಮಾಡಿದರೆ ಸರಿಹೋಗುತ್ತದೆ ಎಂದು ಹುಡುಗನ ವಾದ, 16 ಮಡಿಕೆ ಇವೆಯಲ್ಲ, ಪ್ರತಿ ಮಡಿಕೆಗೆ ಸ್ವಲ್ಪ ಸ್ವಲ್ಪ ಸೇರಿದರೆ ದೊಡ್ಡದಾಗುತ್ತದೆ ಎಂದು.

ಮಡಿಕೆಗಳ ಸಂಖ್ಯೆ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ ಎಂಬುದು ಹಾಳೆಯ ಮೇಲೆ ಬರೆದಾಗ ಕಾಣಿಸಿತು. ಮಡಿಕೆಯಲ್ಲಿ ಬಳಕೆಯಾಗುವ ಉದ್ದವೆಂದರೆ ಮಡಿಕೆಯ ಕೋನವನ್ನು ತಟಸ್ಥ ಪದರದ ತ್ರಿಜ್ಯದಿಂದ ಗುಣಿಸಿದ್ದು. ದುಂಡು ತುದಿಯ ಸುತ್ತ ಎಷ್ಟೇ ಮಡಿಕೆ ಇರಲಿ, ಕೋನಗಳ ಮೊತ್ತ 360 ಡಿಗ್ರಿಯೇ. ಹಾಗಾಗಿ ಕೆ-ಫ್ಯಾಕ್ಟರನ್ನು 0.33ರಿಂದ 0.5ಕ್ಕೆ, ಅಂದರೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಳೆದರೂ, ಇಡೀ ಸುತ್ತಳತೆಯಲ್ಲಿ ಬರುವ ವ್ಯತ್ಯಾಸ 2 ಪೈ ಗುಣಿಸು 0.17 ಗುಣಿಸು 2 ಮಿ.ಮೀ., ಅಂದರೆ ಸುಮಾರು 2.1 ಮಿ.ಮೀ. ಮಾತ್ರ. ನಮ್ಮಲ್ಲಿ ಕಡಿಮೆಯಾಗಿದ್ದದ್ದು ವ್ಯಾಸದಲ್ಲಿ 3.5, ಸುತ್ತಳತೆಯಲ್ಲಿ 11. ಕೆ-ಫ್ಯಾಕ್ಟರಿನಿಂದ ಆ ಹಳ್ಳ ತುಂಬುವಂತಿರಲಿಲ್ಲ.

ದಪ್ಪದ ಲೆಕ್ಕ ತಪ್ಪಿರಬಹುದೇ ಎಂದೂ ನೋಡಿದೆವು. ಒಳ ವೃತ್ತದ ಸುತ್ತಳತೆ 942.5, ತಗಡಿನ ನಡುಪದರದ ಸುತ್ತಳತೆ 948.8. ಒಳ ಅಳತೆಯಲ್ಲಿಯೇ ನಕ್ಷೆ ಬಿಡಿಸಿ ದಪ್ಪವನ್ನು ಮರೆತಿದ್ದರೆ 6.3 ಮಿ.ಮೀ. ಕಡಿಮೆಯಾಗುತ್ತಿತ್ತು. ಅದು ಸಾಮಾನ್ಯ ತಪ್ಪು, ಆದರೆ ನಮ್ಮ ಮಾದರಿಯಲ್ಲಿ ದಪ್ಪ ಹೊರಕ್ಕೇ ಬೆಳೆದಿತ್ತು, ಅಲ್ಲಿ ದೋಷವಿರಲಿಲ್ಲ.

ಉಳಿದದ್ದು ಮೂರು ಪಟ್ಟಿ. ಮೂಲೆಗೆ ಮೂರರಂತೆ ನಾಲ್ಕು ಮೂಲೆಗೆ 12 ಪಟ್ಟಿ, ಅಂದರೆ ದುಂಡು ತುದಿ ವೃತ್ತದೊಳಗೆ ಕೂತ 12 ಭುಜದ ಬಹುಭುಜ. ಪ್ರತಿ ಭುಜವೂ ಕಂಸದ ಜ್ಯಾ (ಅದರ ಎರಡು ತುದಿಗಳನ್ನು ಸೇರಿಸುವ ನೇರ ಗೆರೆ), ಜ್ಯಾ ಯಾವಾಗಲೂ ಕಂಸಕ್ಕಿಂತ ಗಿಡ್ಡ. ನಡುಪದರದ 302 ವ್ಯಾಸಕ್ಕೆ ಲೆಕ್ಕ ಹಾಕಿದರೆ ಬಹುಭುಜದ ಸುತ್ತಳತೆ 12 ಗುಣಿಸು 302 ಗುಣಿಸು ಸೈನ್ 15 ಡಿಗ್ರಿ, ಅಂದರೆ 938.0. ಬೇಕಾದದ್ದು 948.8. ವ್ಯತ್ಯಾಸ 10.8. ನಾವು ಕಳೆದುಕೊಂಡ ಹೆಚ್ಚುಕಮ್ಮಿ 11 ಮಿಲಿಮೀಟರ್ ಅಲ್ಲಿತ್ತು. ಪರದೆಯ ಮೇಲೆ ಇದು ಕಾಣಿಸದಿರಲು ಕಾರಣವೂ ಇದೆ: ಬಹುಭುಜದ ಮೂಲೆಗಳು 300ರ ವೃತ್ತದ ಮೇಲೆಯೇ ಕೂತಿರುತ್ತವೆ, ಮೂಲೆಯಿಂದ ಎದುರು ಮೂಲೆಗೆ ಅಳೆದರೆ ತಂತ್ರಾಂಶ 300 ಎಂದೇ ತೋರಿಸುತ್ತದೆ. ಬಡಿದು ದುಂಡು ಮಾಡಿದಾಗ ಮೂಲೆಗಳು ಒಳಗೆ ಸರಿದು, ಭುಜಗಳು ಹೊರಗೆ ಉಬ್ಬಿ, ಇದ್ದಷ್ಟೇ ಸುತ್ತಳತೆಯ ಚಿಕ್ಕ ವೃತ್ತವಾಗುತ್ತದೆ. ಸುತ್ತಿಗೆ ಆಕಾರ ಬದಲಿಸಬಲ್ಲದು, ಇಲ್ಲದ ಉದ್ದವನ್ನು ಹುಟ್ಟಿಸಲಾರದು.

ಎರಡನೆಯ ನಕ್ಷೆ

ಪಟ್ಟಿಗಳನ್ನು ಹೆಚ್ಚಿಸಿದರೆ ಬಹುಭುಜ ವೃತ್ತದ ಹತ್ತಿರ ಬರುತ್ತದೆ ಎಂಬುದು ನಿಜ. ಆದರೆ ಎಷ್ಟು ಹೆಚ್ಚಿಸಬಹುದು ಎಂಬುದನ್ನು ಹೇಳುವುದು ಗಣಿತವಲ್ಲ, ಯಂತ್ರದ ಅಚ್ಚು. 2 ಮಿ.ಮೀ. ತಗಡಿಗೆ ದಪ್ಪದ ಎಂಟು ಪಟ್ಟು, ಅಂದರೆ 16 ಮಿ.ಮೀ. ಬಾಯಿಯ ವಿ-ಅಚ್ಚು ವಾಡಿಕೆ. ಮೂಲೆಗೆ 12 ಪಟ್ಟಿ ಮಾಡಿದರೆ ದುಂಡು ತುದಿಯಲ್ಲಿಯೇ ಪಟ್ಟಿಯ ಅಗಲ 20 ಮಿ.ಮೀ.ಗೂ ಕಡಿಮೆ, ಶಿಖರದ ಕಡೆಗೆ ಹೋದಂತೆ ಅದು ಇನ್ನೂ ಸಣ್ಣದಾಗಿ ಹಿಂದಿನ ಮಡಿಕೆಯೇ ಅಚ್ಚಿನ ಬಾಯಿಗೆ ಬೀಳುತ್ತದೆ. ಮೂಲೆಗೆ 6 ಪಟ್ಟಿಯಾದರೆ ದುಂಡು ತುದಿಯಲ್ಲಿ ಅಗಲ 39.5, ಮಡಿಕೆಗಳು 28. ಮೊದಲಿನ 16ಕ್ಕೆ ಹೋಲಿಸಿದರೆ ಕೆಲಸ ಹೆಚ್ಚು, ಆದರೆ ಪ್ರತಿ ಭುಜದ ಮಧ್ಯದಲ್ಲಿ ಜ್ಯಾ ಮತ್ತು ಕಂಸದ ನಡುವಿನ ಅಂತರ 5.1ರಿಂದ 1.3 ಮಿ.ಮೀ.ಗೆ ಇಳಿಯುವುದರಿಂದ ಬಡಿದು ದುಂಡು ಮಾಡುವ ಕೆಲಸ ಹಗುರವಾಗುತ್ತದೆ. ನಾವು 6ಕ್ಕೆ ನಿಂತೆವು.

ಆದರೂ 24 ಭುಜದ ಸುತ್ತಳತೆ 946.1 ಮಾತ್ರ, 2.7 ಮಿ.ಮೀ. ಇನ್ನೂ ಕಡಿಮೆ. ಕಾಲರಿನಲ್ಲಿ ನಮಗಿದ್ದ ಸಡಿಲು ವ್ಯಾಸದಲ್ಲಿ ಒಂದೇ ಮಿಲಿಮೀಟರ್, ಅದರಲ್ಲಿ 0.9 ಇಲ್ಲಿಯೇ ಹೋಗುತ್ತಿತ್ತು. ಆದ್ದರಿಂದ ಮಾದರಿಯಲ್ಲಿ ವೃತ್ತವನ್ನೇ ಬೇಕೆಂದು ತುಸು ದೊಡ್ಡದಾಗಿ ಬರೆದೆವು. ಅರ್ಧ ಪಟ್ಟಿಯ ಕೋನ 7.5 ಡಿಗ್ರಿಯನ್ನು ರೇಡಿಯನ್ನಿನಲ್ಲಿ ಬರೆದು ಅದರ ಸೈನ್‌ನಿಂದ ಭಾಗಿಸಿದರೆ 1.00286 ಬರುತ್ತದೆ. ನಡುಪದರದ 302 ಅನ್ನು ಅದರಿಂದ ಗುಣಿಸಿದರೆ 302.86. ಈ ವ್ಯಾಸದಲ್ಲಿ 24 ಭುಜಗಳ ಮೊತ್ತ ಸರಿಯಾಗಿ 948.8. ನಕ್ಷೆಯಲ್ಲಿ ಒಳ ವ್ಯಾಸವನ್ನು 300.86 ಎಂದು ಬರೆದು, ಪಕ್ಕದಲ್ಲಿ “ಬಡಿದ ಮೇಲೆ 300” ಎಂದು ಕನ್ನಡದಲ್ಲಿಯೇ ಬರೆಸಿದೆ. ಹಾಗೆ ಬರೆಯದಿದ್ದರೆ ಮುಂದೆ ಯಾರೋ ಬುದ್ಧಿವಂತರು ಅದನ್ನು ತಪ್ಪೆಂದು ತಿಳಿದು ತಿದ್ದಿಬಿಡುತ್ತಾರೆ.

ಈ ಸಲ ತಂತ್ರಾಂಶವನ್ನು ಕಣ್ಣುಮುಚ್ಚಿ ನಂಬಲಿಲ್ಲ. ಹಳೆಯ ಮಿಸ್ತ್ರಿಗಳು ಕೈವಾರದಿಂದ ತೆಗೆಯುತ್ತಿದ್ದ ನಿಜ ಉದ್ದಗಳನ್ನು ಕ್ಯಾಲ್ಕ್ಯುಲೇಟರಿನಲ್ಲಿ ತೆಗೆದೆವು. ಮೂಲೆಯಿಂದ ವೃತ್ತದ ಬಿಂದುವಿಗೆ ಎರಡು ದಿಕ್ಕಿನ ಅಡ್ಡ ಅಂತರಗಳು ಮತ್ತು ಎತ್ತರ, ಈ ಮೂರರ ವರ್ಗಗಳ ಮೊತ್ತದ ವರ್ಗಮೂಲವೇ ನಿಜ ಉದ್ದ. ಕೊಳವೆ ದೂರವಾದ ಕಡೆಯ ಮೂಲೆಯಿಂದ ಉದ್ದನೆಯ ಬದಿಯ ತ್ರಿಕೋನದ ತುದಿಗೆ ನಡುಪದರದಲ್ಲಿ ಅಡ್ಡ ಅಂತರ 256 ಮತ್ತು 10, ಎತ್ತರ 350, ಉದ್ದ 433.7. ಅದೇ ಮೂಲೆಯಿಂದ ಗಿಡ್ಡ ಬದಿಯ ತ್ರಿಕೋನದ ತುದಿಗೆ 399.3. ಕೊಳವೆ ಸಮೀಪವಾದ ಕಡೆಯ ಮೂಲೆಯಿಂದ ಇವೇ ಉದ್ದಗಳು 387.5 ಮತ್ತು 385.5. ಬಿಡಿಸಿದ ನಕ್ಷೆಯಲ್ಲಿ ಅಳೆದಾಗ ನಾಲ್ಕೂ ಅರ್ಧ ಮಿಲಿಮೀಟರಿನೊಳಗೆ ಹೊಂದಿದವು. ಆಮೇಲೆ ನಕ್ಷೆಯನ್ನು ಕಾಲು ಅಳತೆಯಲ್ಲಿ ದಪ್ಪ ರಟ್ಟಿನ ಮೇಲೆ ಮುದ್ರಿಸಿ, ಕತ್ತರಿಸಿ, ಒಂದನ್ನು ಗೀರು ಒಳಗೆ, ಇನ್ನೊಂದನ್ನು ಗೀರು ಹೊರಗೆ ಮಡಿಸಿ ಅಂಟಿಸಿದೆವು. ಹತ್ತು ನಿಮಿಷದ ಈ ಕೆಲಸವನ್ನು ಮೊದಲೇ ಮಾಡಿದ್ದರೆ ಎಡಗಾಲಿನ ಚಪ್ಪಲಿಗಳ ಪ್ರಸಂಗ ರಟ್ಟಿನಲ್ಲಿಯೇ ಮುಗಿಯುತ್ತಿತ್ತು. ಲೇಸರಿಗೆ ಕೊಡುವಾಗಲೂ ಎರಡನೆಯ ಅರ್ಧವನ್ನು ಕನ್ನಡಿ ಬಿಂಬವಾಗಿ ತಿರುಗಿಸಿದ ಬೇರೆ ಕಡತವಾಗಿಯೇ ಕೊಟ್ಟೆವು. ಹೀಗೆ ಮಾಡಿದರೆ ಎರಡರಲ್ಲೂ ಗೀರು ಒಳಗೇ ಬರುತ್ತದೆ, ತಗಡಿನ ರಕ್ಷಣಾ ಪೊರೆ ಎರಡರಲ್ಲೂ ಹೊರಗೇ ಉಳಿಯುತ್ತದೆ, ಮಿಸ್ತ್ರಿಗೆ ನೆನಪಿಡಬೇಕಾದದ್ದು ಒಂದು ಕಡಿಮೆ.

ಇನ್ನೊಂದು ಸಣ್ಣ ಬದಲಾವಣೆ ಶಿಖರದಲ್ಲಿ. ಏಳು ಮಡಿಕೆಗೆರೆಗಳು ಆಯತದ ಒಂದೇ ಮೂಲೆಗೆ ಬಂದು ಸೇರುತ್ತವೆ, ಅಲ್ಲಿ ಪಂಚು ಏಳು ಸಲ ಒತ್ತಿದರೆ ತಗಡು ಜಜ್ಜಿಹೋಗುತ್ತದೆ. ಪ್ರತಿ ಮೂಲೆಯಲ್ಲಿ 6 ಮಿ.ಮೀ. ತ್ರಿಜ್ಯದ ಸಣ್ಣ ಕಚ್ಚು ಕೊಟ್ಟು, ಫ್ಲ್ಯಾಂಜ್ ಬೆಸೆಯುವಾಗ ಅದನ್ನು ತುಂಬಿಸಿದೆವು. ಮಡಿಕೆಗಳ ಕೋನ ಹೆಚ್ಚೆಂದರೆ 15 ಡಿಗ್ರಿಯ ಆಸುಪಾಸು, ಸ್ಟೇನ್‌ಲೆಸ್ ಹಿಂದಕ್ಕೆ ಪುಟಿಯುವ ಗುಣ ಇಷ್ಟು ಸಣ್ಣ ಕೋನದಲ್ಲಿ ಎದ್ದು ಕಾಣುತ್ತದೆ, ಹಾಗಾಗಿ ಮಿಸ್ತ್ರಿ ರಟ್ಟಿನಿಂದ ಕೋನದ ಗೇಜು ಕತ್ತರಿಸಿಟ್ಟುಕೊಂಡು ಒಂದೊಂದಾಗಿ ಹೊಂದಿಸಿದ.

ಎರಡನೆಯ ತುಂಡು ಕಾಲರಿನ ಮೇಲೆ ಅಂಗೈಯ ಒತ್ತಿಗೆ ಇಳಿಯಿತು. ಒಳ ವ್ಯಾಸ ಎರಡು ದಿಕ್ಕಿನಲ್ಲಿ ಅಳೆದಾಗ 300.5 ಮತ್ತು 299.5 ಬಂದಿತು, ಬೆಸುಗೆಯ ಎಳೆತಕ್ಕೆ ಅಷ್ಟು ವ್ಯತ್ಯಾಸ ಸಹಜ. ಸಂಜೆಯ ಹೊತ್ತಿಗೆ ಗಿರಣಿ ನಡೆಯುತ್ತಿತ್ತು.

ಅದೇ ಗಿರಣಿಯವರು ಈಗ ಎರಡನೆಯ ಫ್ಯಾನಿಗೂ ಇಂಥದೇ ತುಂಡು ಕೇಳಿದ್ದಾರೆ. ಅಲ್ಲಿ ಕೊಳವೆ ಎರಡೂ ದಿಕ್ಕಿಗೆ ಸರಿದಿದೆ, ಆದ್ದರಿಂದ ಎರಡು ಅರ್ಧಗಳು ಕನ್ನಡಿ ಬಿಂಬಗಳಾಗುವುದಿಲ್ಲ, ಎರಡಕ್ಕೂ ಬೇರೆ ಬೇರೆ ನಕ್ಷೆ ಬೇಕು. ಅದಕ್ಕಿಂತ ತೊಡಕಿನದು, ದುಂಡು ಬಾಯಿ ನೆಲಕ್ಕೆ ಸಮಾನಾಂತರವಾಗಿಲ್ಲ, ಆಯತದ ಉದ್ದನೆಯ ದಿಕ್ಕಿನಲ್ಲಿ ಓರೆಯಾಗಿ ನಿಂತಿದೆ. ಉದ್ದನೆಯ ಬದಿಗಳ ತ್ರಿಕೋನದ ತುದಿಗಳು ಆಗ ಕಾಲುಭಾಗದ ಬಿಂದುಗಳಲ್ಲಿ ಉಳಿಯುವುದಿಲ್ಲ. ಬದಿಯ ರೇಖೆಯನ್ನು ಮುಂದಕ್ಕೆ ಎಳೆದು, ಅದು ವೃತ್ತದ ಸಮತಲವನ್ನು ಎಲ್ಲಿ ಮುಟ್ಟುತ್ತದೆಯೋ ಆ ಬಿಂದುವಿನಿಂದ ವೃತ್ತಕ್ಕೆ ಸ್ಪರ್ಶರೇಖೆ ಎಳೆದು, ಅದು ತಾಗುವ ಜಾಗವನ್ನೇ ತುದಿಯಾಗಿ ಹಿಡಿಯಬೇಕು. ಹುಡುಗ ಮೊದಲು ರಟ್ಟು ತಂದಿಟ್ಟುಕೊಂಡು, ಆಮೇಲೆ ಕಂಪ್ಯೂಟರ್ ಹಚ್ಚಿದ್ದಾನೆ.